ಹಗ್ಗ ಬಿಡಿ, ದೋಣಿ ಮಟ್ಟಸವಾಗಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಆಷಾಢದ ಗಾಳಿ ಬೀಸುತ್ತಿದೆ. ಆಲಮಟ್ಟಿಯ ಹಿನ್ನೀರು ದಿನದಿಂದ ದಿನಕ್ಕೆ ಬಾಗಲಕೋಟೆಯತ್ತ ಏರುತ್ತಿದೆ. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ತುಂಬಿತೆಂದರೆ ಹಳೆಯ ಊರಿನ ಅಂಚಿನಲ್ಲಿ ಕಣ್ಣು ಹಾಯಿಸಿದಷ್ಟೂ ನೀರು. ಇಷ್ಟು ನೀರು, ಇಂಥ ಗಾಳಿ ಮನೆಬಾಗಿಲಲ್ಲೇ ಇರುವಾಗ ನಮ್ಮ ಹುಡುಗ ಹುಡುಗಿಯರು ಹಾಯಿದೋಣಿ ಕಲಿಯಬೇಕೆಂಬುದು ನನ್ನ ಬಹುದಿನದ ಆಸೆ. ಸೈನ್ಯದಲ್ಲಿದ್ದಾಗ ಹನ್ನೆರಡು ವರ್ಷ ಈ ದೋಣಿಗಳ ಪಂದ್ಯದಲ್ಲಿ ಭಾಗವಹಿಸಿದವನು ನಾನು. ಇಂದು ಹೇಳುವುದು ಒಂದೇ ಮಾತು: ಗಾಳಿ ಜೋರಾದಾಗ ಹಗ್ಗ ಬಿಡಿ, ದೋಣಿ ಮಟ್ಟಸವಾಗಿರಲಿ.

ನನ್ನ ದೋಣಿಯ ಮಾದರಿಯ ಹೆಸರು ಲೇಸರ್. ಒಬ್ಬರೇ ಕೂತು ನಡೆಸುವಂಥದ್ದು. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ನಮ್ಮ ಸೈನ್ಯದ ವಿಷ್ಣು ಸರವಣನ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಇದೇ ದೋಣಿಯಲ್ಲಿ. ಉದ್ದ 4.23 ಮೀಟರ್, ಪಟ, ಅಂದರೆ ಹಾಯಿ, ಸುಮಾರು 7 ಚದರ ಮೀಟರ್. ತೂಕದಲ್ಲಿ ಒಂದು ಕ್ವಿಂಟಲ್ ಜೋಳದ ಚೀಲಕ್ಕಿಂತ ಹಗುರ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಪಟದ ಹಗ್ಗ. ಹಗ್ಗ ಎಳೆದರೆ ಪಟ ಗಾಳಿ ಹಿಡಿಯುತ್ತದೆ, ಬಿಟ್ಟರೆ ಚೆಲ್ಲುತ್ತದೆ.

ಗಂಟೆಗೆ 15 ಕಿಲೋಮೀಟರ್ ಇದ್ದ ಗಾಳಿ 30 ಆದರೆ ಪಟದ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಿಮ್ಮ ಮೈತೂಕ ಮಾತ್ರ ಇದ್ದಷ್ಟೇ. ಹಾಗಿದ್ದರೂ ಹೊಸಬರು ಹಗ್ಗವನ್ನು ಹಲ್ಲುಕಚ್ಚಿ ಹಿಡಿಯುತ್ತಾರೆ. ಎಷ್ಟು ಸಲ ಹೇಳಿದರೂ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ.

ಹೈದರಾಬಾದಿನ ಹುಸೇನ್ ಸಾಗರ. ಮಳೆಗಾಲದ ಮಧ್ಯಾಹ್ನ, ದಿನದ ಮೂರನೆಯ ಪಂದ್ಯ. ಎದುರುಗಾಳಿಗೆ ದೋಣಿ ನೇರವಾಗಿ ಹೋಗುವುದಿಲ್ಲ, ಘಟ್ಟದ ರಸ್ತೆಯಂತೆ ಅಂಕುಡೊಂಕಾಗಿ ಏರಬೇಕು. ನಾನು ಹಾಗೆ ಏರುತ್ತ ಎರಡನೆಯ ಸ್ಥಾನದಲ್ಲಿದ್ದೆ. ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ ಇಡೀ ಮೈಯನ್ನು ದೋಣಿಯಿಂದಾಚೆ ಚಾಚಿದ್ದೆ. ತೊಡೆಗಳು ನಡುಗುತ್ತಿದ್ದವು. ಕೈ ಸೋತಿತ್ತೆಂದು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಕೆರೆಯ ನಡುವಿನ ಬುದ್ಧನ ವಿಗ್ರಹದ ಕಡೆಯಿಂದ ನೀರಿನ ಮೇಲೆ ಕಪ್ಪು ಕಲೆಯೊಂದು ನನ್ನತ್ತ ಓಡಿಬರುತ್ತಿತ್ತು. ಅದು ಗಾಳಿಯ ಹೊಡೆತ. ನೋಡಿದೆ, ಗುರುತಿಸಿದೆ, ಆದರೂ ಬಿಡಲಿಲ್ಲ. ಬಿಟ್ಟರೆ ವೇಗ ಹೋಗುತ್ತದೆ ಎಂಬ ಭ್ರಮೆ.

ಗಾಳಿ ಬಡಿಯಿತು. ದೋಣಿ ವಾಲಿತು. ವಾಲಿದ ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲ, ತಾನೇ ಗಾಳಿಯ ಕಡೆಗೆ ಮೂತಿ ತಿರುಗಿಸುತ್ತದೆ. ನಾನು ಚುಕ್ಕಾಣಿಯನ್ನು ಜಗ್ಗಿದೆ. ಅದು ನೀರಿನಲ್ಲಿ ಬ್ರೇಕ್ ಒತ್ತಿದಂತಾಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ನನಗಿಂತ ಹತ್ತು ಕಿಲೋ ಹಗುರವಾದ ಹುಡುಗನೊಬ್ಬ ಬಂದ. ಹಗ್ಗ ಬಿಟ್ಟಿದ್ದರಿಂದ ಅವನ ಪಟದ ಮುಂದಿನ ಅರ್ಧ ಪಟಪಟ ಬಡಿದುಕೊಳ್ಳುತ್ತಿತ್ತು. ದೋಣಿ ಮಾತ್ರ ರೊಟ್ಟಿಯ ಹಂಚಿಟ್ಟಂತೆ ಮಟ್ಟಸ. ನನ್ನನ್ನು ದಾಟಿ ಹೋದ. ಮರುಕ್ಷಣ ನಾನು ನೀರಿನಲ್ಲಿದ್ದೆ, ಕೈ ಇನ್ನೂ ಹಗ್ಗದ ಸುತ್ತಿನಲ್ಲಿತ್ತು. ಅದನ್ನು ಬಿಡಿಸಿಕೊಳ್ಳುವಾಗ ಅಂಗೈಯ ಚರ್ಮ ಕಿತ್ತುಬಂತು. ಹಗ್ಗದ ಹೆಣಿಗೆ ಒಂದು ವಾರ ಅಂಗೈಯಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು.

ಆ ರಾತ್ರಿ ನನಗೆ ನೆನಪಾದದ್ದು ನಮ್ಮೂರ ಕಣ. ತಂದೆಯವರು ಮಣೆಯ ಮೇಲೆ ನಿಂತು ಜೋಳ ತೂರುವಾಗ ಗಾಳಿ ಬರುವ ದಿಕ್ಕಿಗೇ ಕಣ್ಣು ನೆಟ್ಟಿರುತ್ತಿದ್ದರು. ಗಾಳಿ ಜೋರಾಯಿತೆಂದರೆ ಮೊರವನ್ನು ಕೆಳಗಿಳಿಸುತ್ತಿದ್ದರು. ಹೊಟ್ಟು ಹಾರುತ್ತಿತ್ತು, ಕಾಳು ಕಾಲ ಬುಡದಲ್ಲೇ ಬೀಳುತ್ತಿತ್ತು. ದೋಣಿಯಲ್ಲೂ ಇದೇ ಕೆಲಸ. ಕಪ್ಪು ಕಲೆ ನಿಮ್ಮನ್ನು ತಲುಪುವ ಮುನ್ನವೇ ಒಂದು ಗೇಣು ಹಗ್ಗ ಬಿಡಿ. ವಾಲಿದ ಮೇಲೆ ಬಿಟ್ಟರೆ ತಡವಾಯಿತು. ದೋಣಿ ಮಟ್ಟಸವಾದ ಕೂಡಲೇ ಮತ್ತೆ ಎಳೆಯಿರಿ. ಬಿಡಿ, ಎಳೆಯಿರಿ, ಬಿಡಿ, ಎಳೆಯಿರಿ. ಇಡೀ ಪಂದ್ಯ ಅಷ್ಟೇ.

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನೀರಿಗಿಳಿಯುವ ಮುನ್ನವೇ ಪಟವನ್ನು ಬಿಗಿಯಾಗಿ ಎಳೆದು ಚಪ್ಪಟೆ ಮಾಡಿ. ಹೊಟ್ಟೆ ಉಬ್ಬಿದ ಪಟ ಜೋರುಗಾಳಿಗೆ ಬೇಡ. ಗಾಳಿ ಬೆನ್ನ ಹಿಂದಿರುವಾಗ ಹಿಂದಕ್ಕೆ ಸರಿದು ಕೂರಿ, ಇಲ್ಲವಾದರೆ ಮೂತಿ ಅಲೆಯೊಳಗೆ ಹೂತುಕೊಳ್ಳುತ್ತದೆ. ಪಟವನ್ನು ಈ ಬದಿಯಿಂದ ಆ ಬದಿಗೆ ದಾಟಿಸುವುದಿದ್ದರೆ ದೋಣಿ ಅತಿ ವೇಗದಲ್ಲಿರುವಾಗಲೇ ದಾಟಿಸಿ, ತಲೆ ತಗ್ಗಿಸಿ. ಹೆದರಿ ನಿಧಾನಿಸಿದವನಿಗೇ ಪಟದ ಅಡ್ಡಕಂಬ ಬಲವಾಗಿ ಬೀಸಿ ಬರುತ್ತದೆ, ಏಕೆಂದರೆ ದೋಣಿ ಗಾಳಿಯೊಡನೆ ಓಡುತ್ತಿದ್ದಷ್ಟೂ ಪಟಕ್ಕೆ ತಾಗುವ ಗಾಳಿ ಕಡಿಮೆ.

ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬೇಡಿ. ತಮ್ಮಂದಿರೇ, ತಂಗಿಯರೇ, ಈಜು ಬರುತ್ತದೆ ಎಂಬ ಮಾತನ್ನು ನನ್ನ ಮುಂದೆ ಆಡಬೇಡಿ. ಮಗುಚಿದರೆ ದಡಕ್ಕೆ ಈಜಬೇಡಿ, ದೋಣಿಯನ್ನು ಬಿಡಬೇಡಿ. ಅದು ತೇಲುತ್ತದೆ. ಮೂತಿಯನ್ನು ಗಾಳಿಗೆ ತಿರುಗಿಸಿ, ಅಡಿಯಿಂದ ಚಾಚಿಕೊಂಡಿರುವ ಹಲಗೆಯ ಮೇಲೆ ಹತ್ತಿ ನಿಂತು ಅಂಚು ಹಿಡಿದು ಹಿಂದಕ್ಕೆ ವಾಲಿ. ಪಟ ನೀರಿನಿಂದ ಸೋರುತ್ತ ಮೆಲ್ಲಗೆ ಏಳುತ್ತದೆ. ಎದ್ದೊಡನೆ ಒಳಕ್ಕೆ ಹತ್ತಿ. ಹಲಗೆ ಹತ್ತುವ ಮೊದಲೇ ಹಗ್ಗ ಸಡಿಲಾಗಿರಬೇಕು, ಬಿಗಿಯಾಗಿದ್ದರೆ ಎದ್ದ ದೋಣಿ ಆ ಕ್ಷಣವೇ ಮತ್ತೆ ಮಗುಚುತ್ತದೆ. ನಮಸ್ಕಾರ.