ಕನೂ ದೋಣಿಯಿಂದ ಕಾಣುವ ಶರತ್ಕಾಲ

ಸರೋವರದಲ್ಲಿ ದೋಣಿಯ ಮೇಲೆ ಕುಳಿತು ನಾನು ತೈಲವರ್ಣದಲ್ಲಿ ಚಿತ್ರಿಸುವ ಗುಡ್ಡ ದಡಕ್ಕೆ ತಾಗಿಕೊಂಡಿಲ್ಲ, ಸ್ವಲ್ಪ ಹಿಂದಕ್ಕೆ ಸರಿದು ನಿಂತಿದೆ. ಎತ್ತರದ ಬಂಡೆಯ ಮೇಲೆ ನಿಂತು ನೋಡಿದರೆ ನೀರಿನಲ್ಲಿ ಇದರ ಪ್ರತಿಬಿಂಬದ ತುದಿಯಷ್ಟೇ ಕಾಣುತ್ತದೆ, ಉಳಿದುದನ್ನು ದಡ ಮರೆಮಾಡಿಬಿಡುತ್ತದೆ. ಕನೂ ಎಂಬ ಕಿರಿದಾದ, ಹಗುರವಾದ ದೋಣಿಯ ತಳದಲ್ಲಿ ಕುಳಿತಾಗ ಕಣ್ಣು ನೀರಿನ ಮಟ್ಟಕ್ಕೆ ಇಳಿಯುವುದರಿಂದ, ಗುಡ್ಡ ಬಹುಮಟ್ಟಿಗೆ ಪೂರ್ಣವಾಗಿ ತಲೆಕೆಳಗಾಗಿ ಸಿಗುತ್ತದೆ. ಎಲೆಗಳು ಕೆಂಪು, ಹಳದಿಗೆ ತಿರುಗಿರುವ ಈ ಕೆಲವೇ ವಾರಗಳಲ್ಲಿ ನಾನು ದಡವನ್ನು ಬಿಟ್ಟು ದೋಣಿಯನ್ನೇ ಆರಿಸಿಕೊಳ್ಳುವುದು ಇದೊಂದು ಕಾರಣಕ್ಕೆ.

ಈ ಪ್ರತಿಬಿಂಬವೇ ಚಿತ್ರದ ಅತ್ಯಂತ ಕಠಿಣ ಭಾಗವೂ ಹೌದು. ದಡದ ಮೇಲಿನ ಮೇಪಲ್ ಮರಕ್ಕೆ ಕಲಸಿದ ಕೆಂಪನ್ನೇ ನೀರಿಗೂ ಬಳಿದರೆ ಸರೋವರ ಕಾಣುವುದಿಲ್ಲ, ಗೋಡೆಗೆ ತೂಗುಹಾಕಿದ ಕನ್ನಡಿ ಕಾಣುತ್ತದೆ. ಸಾಮಾನ್ಯವಾಗಿ ತಿಳಿಯಾದ ಬಣ್ಣಗಳು ನೀರಿನಲ್ಲಿ ತುಸು ಗಾಢವಾಗುತ್ತವೆ, ಗಾಢವಾದವು ತುಸು ತಿಳಿಯಾಗುತ್ತವೆ. ಆದ್ದರಿಂದ ಕೆಂಪಿಗೆ ಅದರ ಎದುರು ಬಣ್ಣವಾದ ಹಸಿರನ್ನು ಕುಂಚದ ತುದಿಯಷ್ಟು ಬೆರೆಸಿ ಮಂಕಾಗಿಸುತ್ತೇನೆ, ಕಪ್ಪನ್ನು ಮಾತ್ರ ಮುಟ್ಟುವುದಿಲ್ಲ. ಸಣ್ಣ ಅಲೆಗಳೆದ್ದರೆ ಪ್ರತಿಬಿಂಬ ನಮ್ಮ ಕಡೆಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಗ ಬಣ್ಣವನ್ನು ಮೇಲಿನಿಂದ ಕೆಳಗೆ ಎಳೆದು, ಅದರ ಮೇಲೆ ಆಕಾಶದ ಬಣ್ಣದ ಅಡ್ಡಗೆರೆಗಳನ್ನು ಬೆರಳೆಣಿಕೆಯಷ್ಟು ಹಾಕಿದರೆ ಸಾಕು.

ದೋಣಿಗೆ ಒಂದೇ ಲಂಗರು ಹಾಕಿದರೆ ಅದು ಗಾಳಿಗೆ ಸುತ್ತುತ್ತಲೇ ಇರುತ್ತದೆ, ದೃಶ್ಯವೂ ಅದರೊಂದಿಗೆ ಜಾರಿಹೋಗುತ್ತದೆ. ಆದ್ದರಿಂದ ಮುಂದೊಂದು, ಹಿಂದೊಂದು ಇರಬೇಕು. ಎದ್ದು ನಿಂತು ಹಿಂದೆ ಸರಿದು ಚಿತ್ರವನ್ನು ನೋಡುವ ಅಭ್ಯಾಸವುಳ್ಳವರು ಆ ಅಭ್ಯಾಸವನ್ನು ದಡದಲ್ಲಿಯೇ ಬಿಟ್ಟುಬರುವುದು ಕ್ಷೇಮ.

ಮಡಿಲ ಮೇಲಿನ ಬಣ್ಣದ ಪೆಟ್ಟಿಗೆಯಲ್ಲಿ ಹಿಡಿಸುವುದು ಚಿತ್ರ ಬಿಡಿಸುವ ಸಣ್ಣ ಹಲಗೆ ಮಾತ್ರ. ಕೆನಡಾದ ಚಿತ್ರಕಾರ ಟಾಮ್ ಥಾಮ್ಸನ್ 1912ರಲ್ಲಿ ಮೊದಲ ಬಾರಿಗೆ ಒಂಟಾರಿಯೊ ಪ್ರಾಂತ್ಯದ ಆಲ್ಗಾಂಕ್ವಿನ್ ಪಾರ್ಕ್ ಎಂಬ ಅರಣ್ಯಧಾಮಕ್ಕೆ ಹೋದವರು. ಅಲ್ಲಿನ ಸರೋವರಗಳಲ್ಲಿ ಕನೂ ದೋಣಿಯಲ್ಲಿ ಓಡಾಡುತ್ತಾ, ಸುಮಾರು 21 ಸೆಂಟಿಮೀಟರ್ ಎತ್ತರ, 27 ಸೆಂಟಿಮೀಟರ್ ಅಗಲದ ಹಲಗೆಗಳ ಮೇಲೆ ಸ್ಥಳದಲ್ಲಿಯೇ ಚಿತ್ರಿಸುತ್ತಿದ್ದರು. ಅಂಥ ಒಂದು ಹಲಗೆಯನ್ನು ಆಧರಿಸಿ, 1916–17ರ ಚಳಿಗಾಲದಲ್ಲಿ ಅವರು 'ದ ಜ್ಯಾಕ್ ಪೈನ್' ಎಂಬ ದೊಡ್ಡ ಕ್ಯಾನ್ವಾಸನ್ನು ರಚಿಸಿದರು. 1917ರ ಜುಲೈಯಲ್ಲಿ ಅದೇ ಪಾರ್ಕಿನ ಕನೂ ಎಂಬ ಹೆಸರಿನ ಸರೋವರದಲ್ಲಿ ಅವರು ಸತ್ತ ಬಗೆಯ ಕುರಿತೇ ಜನ ಹೆಚ್ಚು ಮಾತನಾಡುತ್ತಾರೆ. ನನಗಂತೂ ಆ ಸಣ್ಣ ಹಲಗೆಗಳಲ್ಲಿ ಬಣ್ಣದ ನಡುವೆ ಅಲ್ಲಲ್ಲಿ ಬರಿಯ ಮರ ಇಣುಕುವಂತೆ ಬಿಟ್ಟಿರುವ ಧೈರ್ಯವೇ ಮುಖ್ಯವೆನಿಸುತ್ತದೆ. ಈ ಕಾಲದಲ್ಲಿ ಸೂರ್ಯ ಕೆಳಗಿನಿಂದಲೇ ಸಾಗುವುದರಿಂದ ನೆರಳುಗಳು ಬೇಗನೆ ಜಾಗ ಬದಲಿಸುತ್ತವೆ. ಮೂಲೆಮೂಲೆಯನ್ನೂ ತುಂಬಲು ಹೊರಟರೆ ನಾವು ಬಿಡಿಸತೊಡಗಿದ ಬೆಳಕು ಅಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ತೈಲವರ್ಣವು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಚಳಿಯಲ್ಲಿ ಈ ಕ್ರಿಯೆ ಇನ್ನೂ ನಿಧಾನ. ಹಾಗಾಗಿ ಹಸಿ ಹಲಗೆಗಳು ಒಂದಕ್ಕೊಂದು ತಾಗದಂತೆ ಪೆಟ್ಟಿಗೆಯೊಳಗೆ ಅವನ್ನು ಬೇರೆಬೇರೆಯಾಗಿ ಸಿಕ್ಕಿಸಿಡುವ ಸೀಳುಗಳಿರಬೇಕು. ಕುಂಚ ತೊಳೆದ ಟರ್ಪೆಂಟೈನನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹಿಂದಕ್ಕೆ ತರಬೇಕೇ ಹೊರತು ಸರೋವರಕ್ಕೆ ಸುರಿಯಬಾರದು. ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿಡುವುದೂ ಬೇಡ: ಒಳಗೆ ಶಾಖ ಹೆಚ್ಚಿ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ದಡ ಸೇರಿದ ಕೂಡಲೇ ಅವನ್ನು ಬಿಡಿಸಿ ಹರಡುವುದು ನನ್ನ ಮೊದಲ ಕೆಲಸ, ದೋಣಿಯನ್ನು ಮೇಲೆಳೆಯುವುದು ಆಮೇಲೆ.