ಹಾಜರಿ ಪುಸ್ತಕದ ಖಾಲಿ ಮನೆಗಳು

ಕೇಳುಗರಿಗೆ ನಮಸ್ಕಾರ.

ಮೂವತ್ತೊಂದು ವರ್ಷ ಬಿ.ಕಾಂ. ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಟ್ಟವನು ನಾನು. ಕೊನೆಯ ಹನ್ನೆರಡು ವರ್ಷ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿದ್ದೆ. ಕಾಲೇಜು ಬಿಡುವ ಹುಡುಗ ಬಿಡುತ್ತೇನೆ ಅಂತ ಹೇಳಿ ಬಿಡುವುದಿಲ್ಲ ಅನ್ನುವುದು ನನಗೆ ತಿಳಿದದ್ದು ಅಲ್ಲಿ. ಸೋಮವಾರ ಇರುವುದಿಲ್ಲ, ಬುಧವಾರ ಬರುತ್ತಾನೆ, ಮುಂದಿನ ವಾರ ಪೂರ್ತಿ ನಾಪತ್ತೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಮನೆಗಳು ಒಂದೊಂದಾಗಿ ಖಾಲಿ ಬೀಳುತ್ತವೆ. ಕೊನೆಗೊಂದು ದಿನ ನಾವೇ ಆ ಹೆಸರು ಕೂಗುವುದನ್ನು ನಿಲ್ಲಿಸುತ್ತೇವೆ. ಟಿ.ಸಿ. ಕೇಳಲಿಕ್ಕೂ ಅವನು ಬರುವುದಿಲ್ಲ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021–22ರ ಲೆಕ್ಕ ನೋಡಿ. 18ರಿಂದ 23 ವರ್ಷದವರ ಸಂಖ್ಯೆಗೆ ಹೋಲಿಸಿದಾಗ ಕಾಲೇಜು ದಾಖಲಾತಿ ಕರ್ನಾಟಕದಲ್ಲಿ ನೂರಕ್ಕೆ 36ರಷ್ಟಿತ್ತು, ದೇಶದಲ್ಲಿ 28ರಷ್ಟು. ಸಂತೋಷದ ಮಾತೇ. ಆದರೆ ಅದು ಹೆಸರು ಬರೆಸಿದವರ ಎಣಿಕೆ. ನಾನು ಹೇಳುತ್ತಿರುವುದು ಆಮೇಲಿನ ಕಥೆ.

ಫೀಸು ಕಟ್ಟಲಾಗದೆ ಬಿಟ್ಟ ಅನ್ನುತ್ತೇವಲ್ಲ, ಸರ್ಕಾರಿ ಕಾಲೇಜಿನ ಮಟ್ಟಿಗೆ ಅದು ಅರ್ಧ ಸತ್ಯ. ಫೀಸಿಗಿಂತ ಭಾರವಾದದ್ದು ಊಟ, ಬಾಡಿಗೆ, ಬಸ್ಸು. ಅದಕ್ಕಿಂತ ಭಾರವಾದದ್ದು ಅವನು ದುಡಿಯದೆ ಕೂತ ದಿನದ ಕೂಲಿ. ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವಾರಾನ್ನ ಅಂತ ಒಂದು ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಊಟದಲ್ಲಿ ಹುಡುಗ ಓದು ಮುಗಿಸುತ್ತಿದ್ದ. ಅದು ಬಹುಪಾಲು ಒಂದೇ ಜಾತಿಯ ಹುಡುಗರಿಗೆ ಸಿಕ್ಕಿದ ಅನುಕೂಲ, ಅದನ್ನೂ ಹೇಳಿಬಿಡಬೇಕು. ಆಮೇಲೆ ಮಠಗಳು, ಸಂಘಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ನಮ್ಮ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಗೌರಿಬಿದನೂರಿನ ಕಡೆಯ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಬಂದ ಹುಡುಗ ಎಚ್. ನರಸಿಂಹಯ್ಯ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು.

ವಾರಾನ್ನದ ಬಗ್ಗೆ ಇನ್ನೊಂದು ಮಾತು. ಗುರುವಾರದ ಹುಡುಗ ಊಟಕ್ಕೆ ಬರದಿದ್ದರೆ ಆ ಮನೆಯಾಕೆಗೆ ತಕ್ಷಣ ಗೊತ್ತಾಗುತ್ತಿತ್ತು. ಯಾಕೆ ಬರಲಿಲ್ಲ ಅಂತ ಕೇಳಿ ಕಳಿಸುತ್ತಿದ್ದಳು.

ಈಗ ಊಟ, ವಸತಿ ನೋಡುವ ಆ ಕೆಲಸ ಸರ್ಕಾರದ ಯೋಜನೆಗಳಿಗೆ ಬಂದಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಬಂತು. ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿ ಆಯಿತು. ಅದರಲ್ಲೇ ಊಟ, ಅದರಲ್ಲೇ ರೂಮು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಾದರೆ 5,000, ಹುಡುಗಿಯರಾದರೆ 5,500 ರೂಪಾಯಿ ಅಂತ ಇಟ್ಟರು. ನಾನು ಇವನ್ನು ಹಳಿಯುವವನಲ್ಲ. ಈ ದುಡ್ಡಿನಿಂದ ಓದಿದವರು ನನ್ನ ಕ್ಲಾಸಿನಲ್ಲೇ ಇದ್ದರು. ತೊಂದರೆ ಇರುವುದು ದುಡ್ಡು ಬರುವ ಹೊತ್ತಿನಲ್ಲಿ. ಅಡ್ಮಿಶನ್ನಿಗೆ, ಪುಸ್ತಕಕ್ಕೆ, ರೂಮಿನ ಅಡ್ವಾನ್ಸಿಗೆ ಖರ್ಚು ವರ್ಷದ ಮೊದಲ ತಿಂಗಳಲ್ಲೇ ಬೀಳುತ್ತದೆ. ವಿದ್ಯಾರ್ಥಿವೇತನ ಬರುವುದು ಎಷ್ಟೋ ತಿಂಗಳ ಮೇಲೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಅಷ್ಟಕ್ಕೇ ಅರ್ಜಿ ನಿಂತದ್ದುಂಟು. ಒಬ್ಬ ಹುಡುಗಿ ಪಾಸ್‌ಬುಕ್ ಹಿಡಿದು ಮೂರು ತಿಂಗಳು ಬ್ಯಾಂಕಿಗೆ ತಿರುಗಿದಳು. ದುಡ್ಡು ಅಷ್ಟರಲ್ಲಿ ಅವಳು ಹೈಸ್ಕೂಲಿನಲ್ಲಿದ್ದಾಗ ತೆರೆದ ಬೇರೆ ಬ್ಯಾಂಕಿನ ಖಾತೆಗೆ ಬಂದು ಬಿದ್ದಿತ್ತು, ಆಧಾರ್ ಜೋಡಣೆ ಆಗಿದ್ದದ್ದು ಅದಕ್ಕೆ.

ಬಸ್ಸಿನ ವಿಷಯ ಸ್ವಲ್ಪ ಸುಧಾರಿಸಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಮನೆಯಲ್ಲಿ ಬಸ್ ಚಾರ್ಜಿನ ಮಾತೇ ನಿಂತಿತು. ಆದರೆ ಟಿಕೆಟ್ ಪುಕ್ಕಟೆಯಾದರೆ ಸಾಲದು, ಬಸ್ಸು ಬರಬೇಕು, ಬಂದರೆ ನಿಲ್ಲಿಸಬೇಕು. ಒಂಬತ್ತೂವರೆಯ ಕ್ಲಾಸಿಗೆ ಹತ್ತೂಕಾಲಿಗೆ ಬರುವವಳ ಹಾಜರಿ ಎಪ್ಪತ್ತೈದು ಪರ್ಸೆಂಟ್ ಮುಟ್ಟುವುದು ಹೇಗೆ?

ಇನ್ನು ನಮ್ಮ ಮನೆಯ ತಪ್ಪುಗಳು. ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ, 2023ರಲ್ಲಿ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. 2023ರ ಕೊನೆಯಲ್ಲಿ ಕೆಲಸ ಕಾಯಂ ಮಾಡಿ ಅಂತ ಅವರು ಮುಷ್ಕರ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಅವರ ಬೇಡಿಕೆ ನ್ಯಾಯವಾದದ್ದು. ಆದರೆ ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಖಾಲಿ ಬೋರ್ಡು ನೋಡಿಕೊಂಡು ಹೋದ ಹುಡುಗ, ನಾಲ್ಕನೇ ದಿನ ಗಾರೆ ಕೆಲಸಕ್ಕೆ ಹೋದರೆ ಅವನನ್ನು ಬೈಯಲಾರೆ.

ಒಬ್ಬ ಹುಡುಗನ ಕಥೆ ಹೇಳಿ ಮುಗಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮಾಡಿ ಬಂದವನು, ಲೆಕ್ಕದಲ್ಲಿ ಚುರುಕು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಕಾಣಲಿಲ್ಲ. ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಎತ್ತಿದವರು ಬಸ್ ಸ್ಟ್ಯಾಂಡಿನ ಸೈಬರ್ ಅಂಗಡಿಯವರು! ಆನ್‌ಲೈನ್ ಅರ್ಜಿ ತುಂಬುವಾಗ ಓಟಿಪಿ ಬೇಗ ಸಿಗಲಿ ಅಂತ ತಮ್ಮ ನಂಬರನ್ನೇ ಹಾಕಿದ್ದರು. ಆಮೇಲೆ ಲೆಕ್ಕ ಹಾಕಿದೆ, ಆ ಒಂದೇ ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳಿಗೆ ಅದೇ ನಂಬರು.

ಒಂದು ಭಾನುವಾರ ನಮ್ಮ ಅಟೆಂಡರ್ ಬೈಕಿನಲ್ಲಿ ಅವನ ಊರಿಗೆ ಹೋದೆ. ತಾಯಿ ಅಂಗಳದಲ್ಲಿ ಕಡ್ಲೇಕಾಯಿ ಸುಲಿಯುತ್ತಿದ್ದರು. "ನಮ್ ಹುಡುಗ ಫೇಲಾಗ್‌ಬಿಟ್ಟ ಸಾ, ಇನ್ ಸೇರುಸ್ಕಣಲ್ವಂತೆ" ಅಂದರು. ಒಂದು ಪೇಪರ್ ಹೋಗಿತ್ತು, ಇಂಗ್ಲಿಷು. ಪಿಯುಸಿಯಲ್ಲಿ ಫೇಲಾದರೆ ಮುಂದಕ್ಕೆ ಹೋಗಲಾಗದು, ಇಲ್ಲೂ ಹಾಗೇ ಅಂದುಕೊಂಡಿದ್ದ. ಪದವಿಯಲ್ಲಿ ಆ ಪೇಪರನ್ನು ಆಮೇಲೆ ಕಟ್ಟಿ ಬರೆಯಬಹುದು, ಕ್ಲಾಸು ಬಿಡಬೇಕಾಗಿಲ್ಲ. ಇಷ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಕಾಲೇಜು ಓದಿದವರಿಲ್ಲ. ಕಾಲೇಜಿನಲ್ಲಿ ಇದನ್ನು ಹೇಳಬೇಕು ಅಂತ ನಮಗೆ, ಮೊದಲಿಗೆ ನನಗೆ, ಹೊಳೆದಿರಲಿಲ್ಲ.

ಮಾರನೆಯ ವಾರ ಬಂದ. ಅಷ್ಟು ಹೊತ್ತಿಗೆ ಇಪ್ಪತ್ತಮೂರು ದಿನದ ಹಾಜರಿ ಹೋಗಿತ್ತು.

ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ಯಾರಾದರೂ ಕೇಳುತ್ತಿದ್ದರೆ, ಅರ್ಜಿಯಲ್ಲಿ ಮನೆಯವರ ನಂಬರು ಬರೆಸಿ. ಬೇಸಿಕ್ ಸೆಟ್ಟಾದರೂ ಪರವಾಗಿಲ್ಲ, ಎತ್ತಿ ಮಾತಾಡುವವರು ಇದ್ದರೆ ಆಯಿತು.

ನಮಸ್ಕಾರ.