ಗನ್ನು ಎಣಿಸುವ ಪೆಟ್ಟು

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಹಿಂದೆ, ಹಾಸನ ದಾಟಿ ಸಕಲೇಶಪುರದ ಕಡೆ ಹೋಗುವಾಗ ನಮ್ಮ ಕಾರಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಇಳಿಸಿಟ್ಟು, ಜಾಕ್ ಏರಿಸುವ ಮೊದಲು ನಟ್ ಸಡಿಲ ಮಾಡೋಣವೆಂದು ಪಾನ ಹಾಕಿದೆ. ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಪಾನದ ಮೇಲೆ ಹತ್ತಿ ನಿಂತೆ. ಮೂರು ನಟ್ ಬಿಟ್ಟುಕೊಟ್ಟವು. ನಾಲ್ಕನೆಯದು ಸ್ಟಡ್ಡಿನ ಸಮೇತ, ಅಂದರೆ ಅದು ಕೂತಿದ್ದ ಥ್ರೆಡ್ಡಿನ ಸರಳಿನ ಸಮೇತ, ಮುರಿದು ಕೈಗೆ ಬಂತು. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಕಡೆ ಥ್ರೆಡ್ಡಿನ ಹಲ್ಲುಗಳ ನಡುವಿನ ಅಂತರ ಅಗಲವಾಗಿತ್ತು, ಅಲ್ಲೇ ಸ್ಟಡ್ಡಿನ ಸೊಂಟ ಸಣ್ಣಗಾಗಿತ್ತು. ಅದು ಮುರಿದದ್ದು ಅವತ್ತಲ್ಲ. ಹಿಂದಿನ ತಿಂಗಳು ಒಂದು ಟೈರ್ ಅಂಗಡಿಯಲ್ಲಿ ಏರ್ ಗನ್, ಅಂದರೆ ಗಾಳಿಯ ಒತ್ತಡದಿಂದ ಪೆಟ್ಟು ಕೊಟ್ಟು ನಟ್ ತಿರುಗಿಸುವ ಯಂತ್ರ ಹಿಡಿದು ಬಿಗಿ ಮಾಡಿದಾಗಲೇ ಅದರ ಆಯುಷ್ಯ ಮುಗಿದಿತ್ತು. ಆ ಗನ್ನಿನ ಕಟಕಟ ಶಬ್ದ ಎಷ್ಟು ಹೊತ್ತು ನಡೆಯಿತು ಅನ್ನುವುದು ನನಗೆ ಈಗಲೂ ನೆನಪಿದೆ.

ನಟ್ ಬಿಗಿ ಮಾಡುವುದು ಅಂದರೆ ಸ್ಟಡ್ಡನ್ನು ಎಳೆಯುವುದು. ಉಕ್ಕು ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ, ವಾಪಸ್ ಬರಲು ಜಗ್ಗುತ್ತದೆ, ಆ ಜಗ್ಗಾಟವೇ ಚಕ್ರವನ್ನು ಹಿಡಿದಿಡುವುದು. ಹಿಗ್ಗುವುದಾದರೂ ಎಷ್ಟು? ಒಂದು ತಲೆಗೂದಲಿನ ದಪ್ಪದಷ್ಟು. 12 ಮಿಲಿಮೀಟರ್ ಸ್ಟಡ್ಡಿಗೆ 100 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ, ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ ಹತ್ತು ಕೆಜಿ ತೂಕ ನೇತುಹಾಕಿದಷ್ಟು ತಿರುಗಿಸುವ ಬಲ ಕೊಟ್ಟರೆ, ಆ ಒಂದೇ ಸ್ಟಡ್ಡಿನಲ್ಲಿ ಸುಮಾರು ನಾಲ್ಕು ಟನ್ನಿನ ಹಿಡಿತ ಹುಟ್ಟುತ್ತದೆ. ಮಿತಿ ಮೀರಿ ಎಳೆದರೆ ಅದು ವಾಪಸ್ ಬರುವುದಿಲ್ಲ, ನನ್ನ ಕೈಗೆ ಬಂದ ತುಂಡಿನ ಹಾಗೆ ಸೊಂಟ ಕರಗಿಸಿಕೊಳ್ಳುತ್ತದೆ.

ಗನ್ನಿನ ಹೊಟ್ಟೆಯಲ್ಲಿ ಏನಿದೆ? ಒಂದು ಸಣ್ಣ ಕುಲುಮೆ ಅನ್ನಿ. ಬ್ಯಾಟರಿ ಗನ್ನಿನಲ್ಲಿ ಮೋಟಾರು ಒಂದು ಸುತ್ತಿಗೆಯನ್ನು ತಿರುಗಿಸುತ್ತದೆ, ಸುತ್ತಿಗೆಯ ಮುಂದೆ ಅಡಿಗಲ್ಲು, ಅಂದರೆ ಪೆಟ್ಟು ತಿನ್ನುವ ಉಕ್ಕಿನ ತುಂಡು, ಅಡಿಗಲ್ಲಿನ ತುದಿಗೆ ನಾವು ನಟ್ಟನ್ನು ಹಿಡಿಯುವ ಸಾಕೆಟ್ ಹಾಕುತ್ತೇವೆ. ನಟ್ ಸಲೀಸಾಗಿ ತಿರುಗುವಷ್ಟು ಹೊತ್ತು ಎರಡೂ ಜೊತೆಯಾಗಿ ಸುತ್ತುತ್ತವೆ. ನಟ್ ಗಟ್ಟಿಯಾದ ಕೂಡಲೇ ಸುತ್ತಿಗೆ ಸ್ಪ್ರಿಂಗನ್ನು ಅದುಮಿಕೊಂಡು ಹಿಂದೆ ಸರಿದು, ಅಡಿಗಲ್ಲಿನ ಹಲ್ಲನ್ನು ದಾಟಿ, ಮತ್ತೆ ಮುಂದೆ ನುಗ್ಗಿ ಹೊಡೆಯುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಪೆಟ್ಟು! ಒಂದೊಂದು ಪೆಟ್ಟೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಬೇಗ ಮುಗಿದುಹೋಗುವುದರಿಂದ ಹಿಡಿದವನ ಮಣಿಕಟ್ಟಿಗೆ ತಿರುಚು ಅಷ್ಟಾಗಿ ತಾಗುವುದಿಲ್ಲ. ಮೆಕ್ಯಾನಿಕ್‌ಗಳಿಗೆ ಗನ್ನು ಇಷ್ಟವಾಗುವುದು ಇದೇ ಕಾರಣಕ್ಕೆ. ತೊಂದರೆಯೂ ಇಲ್ಲೇ ಇದೆ. ಪಾನ ಹಿಡಿದಾಗ ನಟ್ ಎಷ್ಟು ಬಿಗಿಯಾಯಿತೆಂದು ಕೈಗೆ ಗೊತ್ತಾಗುತ್ತದೆ, ಗನ್ನು ಹಿಡಿದ ಕೈಗೆ ಏನೂ ಗೊತ್ತಾಗುವುದಿಲ್ಲ.

ಕೈಗೆ ಗೊತ್ತಾಗದ್ದನ್ನು ತಿಳಿದುಕೊಳ್ಳಲು ಎಲೆಕ್ಟ್ರಾನಿಕ್ಸ್ ಬಂತು. ಇದರಲ್ಲಿ ನನಗೆ ಬಹಳ ಹಿಡಿಸಿದ ಉಪಾಯ ಒಂದಿದೆ. ಸುತ್ತಿಗೆಗೆ ಎದುರುಬದುರು ಎರಡು ಹಲ್ಲು ಇದ್ದರೆ, ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿಗೆ ಅದು ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಬೇಕು. ಆದರೆ ಹೊಡೆದಾಗ ನಟ್ ಸ್ವಲ್ಪ ಮುಂದೆ ಹೋಗಿರುತ್ತದಲ್ಲ? ಆ ಸ್ವಲ್ಪವನ್ನೂ ಸುತ್ತಿಗೆ ಹೆಚ್ಚಿಗೆ ತಿರುಗಬೇಕಾಗುತ್ತದೆ. 190 ಡಿಗ್ರಿ ತಿರುಗಿತೆಂದರೆ ನಟ್ 10 ಡಿಗ್ರಿ ಸರಿದಿದೆ. 182 ಆದರೆ ಎರಡೇ ಡಿಗ್ರಿ. ಈ ಗನ್ನುಗಳ ಬ್ರಷ್‌ಲೆಸ್ ಮೋಟಾರಿನಲ್ಲಿ ಅದು ಎಷ್ಟು ತಿರುಗಿತೆಂದು ಹೇಳುವ ಸೆನ್ಸರ್‌ಗಳು ಸಾಮಾನ್ಯವಾಗಿ ಇರುತ್ತವೆ. ಗನ್ನಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಪ್ರತಿ ಪೆಟ್ಟಿಗೂ ಈ ಕಳೆಯುವ ಲೆಕ್ಕ ಮಾಡುತ್ತದೆ. ನಟ್ ಸರಿಯುವುದು ಕಡಿಮೆಯಾಗುತ್ತ ಬಂದ ಹಾಗೆ ಬಿಗಿ ಏರುತ್ತಿದೆ ಎಂದು ಅರ್ಥ ಮಾಡಿಕೊಂಡು, ಗೊತ್ತುಮಾಡಿದ ಹಂತಕ್ಕೆ ಮೋಟಾರು ನಿಲ್ಲಿಸುತ್ತದೆ. ಕೆಲವು ಗನ್ನುಗಳು ಪೆಟ್ಟನ್ನಷ್ಟೇ ಎಣಿಸುತ್ತವೆ. ಬ್ಯಾಟರಿ ಇಳಿದರೂ ಸುತ್ತಿಗೆಯ ವೇಗ ಇಳಿಯದಂತೆ ನೋಡಿಕೊಳ್ಳುವುದು ಕೂಡ ಈ ಚಿಪ್ಪಿನದೇ ಕೆಲಸ, ಯಾಕೆಂದರೆ ವೇಗ ತಗ್ಗಿದರೆ ಪೆಟ್ಟೂ ಸೊರಗುತ್ತದೆ, ಎಣಿಕೆ ಸುಳ್ಳಾಗುತ್ತದೆ. ಬಿಚ್ಚುವಾಗ ನಟ್ ಸಡಿಲಾದ ಕೂಡಲೇ ತಾನಾಗಿ ನಿಲ್ಲುವ ಗನ್ನೂ ಇದೆ. ನಟ್ ಉರುಳಿ ಮೋರಿಗೆ ಬಿದ್ದು ಹುಡುಕಾಡಿದವರಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಆದಮೇಲೂ ಚಿಪ್ಪಿಗೆ ಕಾಣದ ಒಂದು ವಿಷಯ ಉಳಿಯುತ್ತದೆ, ಅದೇ ತಿಕ್ಕಾಟ. ನಾವು ಕೊಡುವ ಟಾರ್ಕಿನಲ್ಲಿ ನೂರಕ್ಕೆ ಸುಮಾರು 90 ಪಾಲು ಥ್ರೆಡ್ಡಿನಲ್ಲಿ, ನಟ್ಟಿನ ಕೆಳಗೆ ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ ಎಳೆಯಲು ಉಳಿಯುವುದು ಹತ್ತೇ ಪಾಲು. ತುಕ್ಕು ಹಿಡಿದಿದ್ದರೆ ಆ ಹತ್ತರಲ್ಲೂ ಕಡಿತ. ನಟ್ ಬಿಗಿಯಾದಂತೆ ಕಾಣುತ್ತದೆ, ಹಿಡಿತ ಇರುವುದಿಲ್ಲ. ಎಣ್ಣೆ ಸವರಿದ್ದರೆ ಉಜ್ಜಾಟ ಇಳಿದು, ಅದೇ ಟಾರ್ಕಿಗೆ ಸ್ಟಡ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಉದ್ದನೆಯ ಎಕ್ಸ್‌ಟೆನ್ಷನ್ ರಾಡ್ ಹಾಕಿದರೆ ಪೆಟ್ಟಿನ ಒಂದಷ್ಟು ಶಕ್ತಿ ರಾಡನ್ನು ತಿರುಚುವುದರಲ್ಲೇ ಮುಗಿಯುತ್ತದೆ. ಆದ್ದರಿಂದ ಡಬ್ಬದ ಮೇಲೆ ಬರೆದ ಟಾರ್ಕಿನ ದೊಡ್ಡ ಅಂಕಿ ನೋಡಿ ಯಾರೂ ಗನ್ನನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ನನ್ನ ಮಟ್ಟಿಗೆ ಅದು ಒಳ್ಳೆಯ ಕೂಲಿಯಾಳು, ತಕ್ಕಡಿ ಹಿಡಿಯುವ ಕೆಲಸ ಅದರದ್ದಲ್ಲ. ತಕ್ಕಡಿ ಅಂದರೆ ಟಾರ್ಕ್ ರೆಂಚ್, ಗೊತ್ತುಮಾಡಿದ ಟಾರ್ಕ್ ಮುಟ್ಟಿದ ಕೂಡಲೇ ‘ಟಕ್’ ಅನ್ನುವ ಪಾನ. ಪರೀಕ್ಷೆ ಮಾಡಿಸಿಟ್ಟ ಒಳ್ಳೆಯ ಟಾರ್ಕ್ ರೆಂಚು ನೂರಕ್ಕೆ ನಾಲ್ಕರಷ್ಟು ಆಚೀಚೆಯಲ್ಲಿ ನಿಜ ಹೇಳುತ್ತದೆ.

ಈಗ ನಾನು ಹೋಗುವ ಅಂಗಡಿಯಲ್ಲಿ ಒಬ್ಬ ಹುಡುಗನಿದ್ದಾನೆ. ಚಕ್ರ ಕೂರಿಸುವ ಮೊದಲು ತಂತಿ ಬ್ರಷ್ ತೆಗೆದುಕೊಂಡು ಚಕ್ರ ಕೂರುವ ಹಬ್‌ನ ಮುಖ, ಸ್ಟಡ್ಡಿನ ಥ್ರೆಡ್ಡು ಎರಡನ್ನೂ ಉಜ್ಜುತ್ತಾನೆ. ನಟ್‌ಗಳನ್ನು ಕೈಯಲ್ಲೇ ಎರಡು ಮೂರು ಸುತ್ತು ಹಾಕಿ, ಗನ್ನನ್ನು ಕಡಿಮೆ ಬಲದ ಮೋಡ್‌ಗೆ ಇಟ್ಟು ಒಂದೇ ಸಲ ಒತ್ತಿ ಬಿಡುತ್ತಾನೆ. ಆಮೇಲೆ ಜಾಕ್ ಇಳಿಸಿ, ಟಾರ್ಕ್ ರೆಂಚಿನಿಂದ ಒಂದು ನಟ್, ಅದರ ಎದುರಿನದು, ಹೀಗೆ ಅಡ್ಡಡ್ಡ ಬಿಗಿ ಮಾಡುತ್ತಾನೆ. ಪ್ರತಿ ನಟ್ಟಿಗೂ ಒಂದು ‘ಟಕ್’. ಮೊದಲ ಸಲ ನಾನು, “ಇನ್ನೂ ಸ್ವಲ್ಪ ಬಿಗಿ ಮಾಡಪ್ಪ, ದೂರ ಹೋಗಬೇಕು” ಅಂದಿದ್ದೆ. ಅವನು ರೆಂಚು ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೇಳಿದ: “ಬೇಡ ಸಾರ್. ಐವತ್ತು ಕಿಲೋಮೀಟರ್ ಓಡಿಸಿ ವಾಪಸ್ ಬನ್ನಿ, ಇನ್ನೊಂದು ಸಲ ಟಕ್ ಅನ್ಸಿ ನೋಡ್ತೀನಿ. ದುಡ್ಡು ಕೊಡಬೇಡಿ.”

ನಮಸ್ಕಾರ.